ಎಷ್ಟು ಬಿಗಿಯಾಗಿ ಸುತ್ತಿದರೂ ಹತ್ತು ನಿಮಿಷದಲ್ಲಿ ಬಟ್ಟೆ ಬಿಚ್ಚಿ ಅಳುತ್ತಾಳೆ, ಏನು ಮಾಡಲಿ?

ಮುಳ್ಳೇರಿಯ_ತಾಯಿ, ರಾತ್ರಿ 2.40
ನಾಲ್ಕು ರಾತ್ರಿಗಳಿಂದ ಕಣ್ಣು ಮುಚ್ಚಿಲ್ಲ. ಮಗುವನ್ನು ಹೇಗೆ ಸುತ್ತಿದರೂ ಎರಡೂ ಕೈ ಹೊರಗೆ ಬರುತ್ತವೆ. ಕೈ ಬಂದದ್ದೇ ತಡ, ಬೆಚ್ಚಿ ಬಿದ್ದು ಅಳು. ಇನ್ನಷ್ಟು ಬಿಗಿ ಮಾಡಿದರೆ ಮುಖ ಕೆಂಪಾಗುವಂತೆ ಚೀರುತ್ತಾಳೆ. ಮೊಬೈಲಿನಲ್ಲಿ ನೋಡಿದ ಮೂರು ವಿಧಾನಗಳೂ ಆದವು. ಬಟ್ಟೆ ಜಾರದಂತೆ ಸುತ್ತುವುದು ಹೇಗೆಂದು ಯಾರಾದರೂ ಹೇಳಿ.

ಕುಂಬಳೆ_ಮಗ್ಗ, ಬೆಳಿಗ್ಗೆ 6.15
ದೋಷ ಬಟ್ಟೆಯದೇ. ಅಂಗಡಿಯ ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಮಡಿಕೆ ನಿಲ್ಲುವುದಿಲ್ಲ. ಹತ್ತಾರು ಸಲ ಒಗೆದ ಕಾಸರಗೋಡು ಕೈಮಗ್ಗದ ಸೀರೆ ತೆಗೆದುಕೊಳ್ಳಿ. ಸೀರೆಯ ಅಗಲದಷ್ಟೇ ಉದ್ದಕ್ಕೆ ಕತ್ತರಿಸಿದರೆ ಬೇಕಾದ ಚೌಕ ಸಿಗುತ್ತದೆ. ಮೇಲಿನ ಮೂಲೆಯನ್ನು ಮಡಚಿ, ಆ ಅಂಚಿಗೆ ಭುಜ ಬರುವಂತೆ ಮಲಗಿಸಿ. ಬಟ್ಟೆ ಕುತ್ತಿಗೆಗಿಂತ ಮೇಲೇರಬಾರದು.

ಮುಳ್ಳೇರಿಯ_ತಾಯಿ, ಬೆಳಿಗ್ಗೆ 7.02
ಅಂಗಡಿಯದ್ದಲ್ಲ ಅಣ್ಣಾ. ನನ್ನ ತಮ್ಮ ದುಬೈಯಿಂದ ತಂದ ಮಕ್ಕಳ ಕಂಬಳಿ, ತುಂಬಾ ಮೆದುವಾಗಿದೆ. ಮಳೆ ಹಿಡಿದಿದೆಯಲ್ಲ, ಶೀತವಾಗಬಾರದೆಂದು ಒಳಗೆ ಟೊಪ್ಪಿ, ಕಾಲುಚೀಲವನ್ನೂ ಹಾಕುತ್ತೇನೆ.

ಉಪ್ಪಳದ_ಅಜ್ಜಿ, ಬೆಳಿಗ್ಗೆ 8.30
ಮಗಳೇ, ಬಿಗಿ ಇರಬೇಕಾದದ್ದು ಕಾಲಿಗೆ. ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಎರಡೂ ಕಾಲುಗಳನ್ನು ನೀಡಿ ಜೋಡಿಸಿ ಸುತ್ತು. ನಾನು ಐದು ಮಕ್ಕಳನ್ನು ಹಾಗೆಯೇ ಸಾಕಿದ್ದೇನೆ. ನಮ್ಮ ಮನೆಯ ಹಲಸಿನ ಮರದ ತೊಟ್ಟಿಲಿನಲ್ಲಿ ನಾಲ್ಕು ತಲೆಮಾರು ಮಲಗಿದೆ, ಒಂದು ಮೊಳೆಯೂ ಸಡಿಲವಾಗಿಲ್ಲ.

ಕುಂಬಳೆ_ಮಗ್ಗ, ಬೆಳಿಗ್ಗೆ 9.10
ಕಂಬಳಿಯಾದರೆ ಜಾರುವುದು ಸಹಜ. ಹತ್ತಿಯೇ ಆಗಬೇಕು. ಮಿಲ್ಲಿನ ಪಂಚೆಯೂ ಬೇಡ, ಅದರ ನೂಲು ಇಷ್ಟು ಗಾಳಿ ಬಿಡುವುದಿಲ್ಲ.

ಮಂಜೇಶ್ವರ_ಬಾಣಂತಿ, ಬೆಳಿಗ್ಗೆ 9.45
ಮಿಲ್ಲಿನ ಪಂಚೆಯನ್ನು ಯಾಕೆ ದೂರುತ್ತೀರಿ? ನನ್ನ ಇಬ್ಬರು ಮಕ್ಕಳೂ ಅದರಲ್ಲಿಯೇ ಮಲಗಿದವರು. ಹಳೆಯದಾದಷ್ಟೂ ತೆಳುವಾಗುತ್ತದೆ.

ಕುಂಬಳೆ_ಮಗ್ಗ, ಬೆಳಿಗ್ಗೆ 9.58
ತೆಳುವಾಗುವುದು ಬೇರೆ, ಹಿಡಿತ ಬೇರೆ. ನನ್ನ ಮನೆಯಲ್ಲಿ ಮಕ್ಕಳಿಗೆಂದೇ ಅಂಚು ಹೊಲಿದ ಹನ್ನೆರಡು ಚೌಕಗಳಿವೆ, ಒಂದೂ ಜಾರಿದ್ದಿಲ್ಲ.

ಬದಿಯಡ್ಕ_ದಾದಿ, ಮಧ್ಯಾಹ್ನ 1.20
ಬಟ್ಟೆಯ ಮಾತು ಆಮೇಲೆ. ಅಜ್ಜೀ, ನಿಮ್ಮ ಅನುಭವಕ್ಕೆ ಕೈಮುಗಿದೇ ಹೇಳುತ್ತೇನೆ, ಕಾಲು ನೀಡಿ ಕಟ್ಟುವುದು ಅಪಾಯ. ಎಳೆಯ ಮಗುವಿನ ಸೊಂಟದ ಕೀಲಿನ ಬಟ್ಟಲು ಇನ್ನೂ ಮೆದುವಾಗಿರುತ್ತದೆ. ಕಾಲನ್ನು ನೇರ ಎಳೆದು ಬಿಗಿದರೆ ತೊಡೆಮೂಳೆಯ ಗುಂಡು ಅದರಿಂದ ಸರಿಯಬಹುದು. ಕಾಲುಗಳು ಕಪ್ಪೆಯ ಹಾಗೆ ಮಡಚಿ ಅಗಲಿಸಲು ಬರಬೇಕು, ಸೊಂಟದ ಕೆಳಗೆ ಬಟ್ಟೆ ಚೀಲದಂತೆ ಸಡಿಲವಾಗಿರಬೇಕು. ಎದೆಯ ಬಳಿ ನಮ್ಮ ಎರಡು ಬೆರಳು ನುಸುಳಬೇಕು.
ತಂಗೀ, ಮಗುವಿಗೆ ಎಷ್ಟು ವಾರ? ಹೊರಳುತ್ತದೆಯೇ? ಹೆರಿಗೆ ಹೇಗಾಯಿತು?

ಉಪ್ಪಳದ_ಅಜ್ಜಿ, ಮಧ್ಯಾಹ್ನ 2.05
ನನ್ನ ಮಕ್ಕಳೆಲ್ಲರೂ ನೆಟ್ಟಗೇ ನಡೆಯುತ್ತಾರೆ.

ಬದಿಯಡ್ಕ_ದಾದಿ, ಮಧ್ಯಾಹ್ನ 2.11
ಸಂತೋಷ ಅಜ್ಜೀ. ಆದರೆ ಕೀಲು ಸರಿದ ಮಗು ಅಳುವುದಿಲ್ಲ, ಹೊರಗೆ ಏನೂ ತೋರುವುದಿಲ್ಲ. ಎಷ್ಟೋ ಸಲ ನಡೆಯಲು ತೊಡಗಿದಾಗಲೇ ಗೊತ್ತಾಗುವುದು. ಅದೇ ನನ್ನ ಹೆದರಿಕೆ.

ಮುಳ್ಳೇರಿಯ_ತಾಯಿ, ಸಂಜೆ 5.30
ಹನ್ನೊಂದು ವಾರ ಅಕ್ಕಾ. ಕಳೆದ ವಾರದಿಂದ ಮಗ್ಗುಲಿಗೆ ಹೊರಳುತ್ತಾಳೆ, ಎಲ್ಲ ಮಕ್ಕಳೂ ಮಾಡುವುದೇ ಅಲ್ಲವೇ ಎಂದು ಬರೆಯಲಿಲ್ಲ. ಹೊಟ್ಟೆಯಲ್ಲಿ ಕೊನೆಯವರೆಗೂ ತಲೆ ಮೇಲೆಯೇ ಇತ್ತು, ಆಪರೇಷನ್ ಆಯಿತು. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಕಾಗದ ಮಲಯಾಳದಲ್ಲಿದೆ, ನನಗೆ ಓದಲು ಬರುವುದಿಲ್ಲ. ಹಾಗೆಯೇ ಕಪಾಟಿನಲ್ಲಿದೆ.

ಬದಿಯಡ್ಕ_ದಾದಿ, ಸಂಜೆ 5.42
ಹಾಗಾದರೆ ಇವತ್ತಿನಿಂದಲೇ ಸುತ್ತುವುದನ್ನು ನಿಲ್ಲಿಸಿ. ಕೈ ಕಟ್ಟಿದ ಮಗು ಕವುಚಿ ಬಿದ್ದರೆ ಮುಖ ಎತ್ತಿ ಉಸಿರಾಡಲು ಆಗುವುದಿಲ್ಲ. ಅವಳು ಕೈ ಬಿಡಿಸಿಕೊಳ್ಳುತ್ತಿರುವುದು ಒಳ್ಳೆಯದೇ ಆಯಿತು. ಬೆನ್ನ ಮೇಲೆ, ಗಟ್ಟಿ ಹಾಸಿಗೆಯಲ್ಲಿ ಮಲಗಿಸಿ. ದಿಂಬು, ಕಂಬಳಿ, ಟೊಪ್ಪಿ ಯಾವುದೂ ಬೇಡ. ನಮ್ಮ ಮಳೆಗಾಲದ ಸೆಕೆಗೆ ತೆಳು ಹತ್ತಿ ಅಂಗಿ ಸಾಕು. ಅಂಗೈ, ಪಾದ ತಣ್ಣಗಿದ್ದರೆ ಗಾಬರಿಯಾಗಬೇಡಿ. ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಸೆಕೆಯಾಗಿದೆ. ಮೈ ಬಿಸಿ ಎನಿಸಿದರೆ ಜ್ವರ ಅಳೆಯಿರಿ. ಈ ವಯಸ್ಸಿನಲ್ಲಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.
ಹೆಣ್ಣು ಮಗು, ಹೊಟ್ಟೆಯಲ್ಲಿ ತಲೆ ಮೇಲಿದ್ದದ್ದು, ಎರಡೂ ಸೊಂಟದ ಕೀಲಿನ ತೊಂದರೆಯ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಇಂಥ ಮಕ್ಕಳಿಗೆ ಸುಮಾರು ಆರು ವಾರದ ಹೊತ್ತಿಗೆ ಸೊಂಟದ ಸ್ಕ್ಯಾನ್ ಮಾಡಿಸುತ್ತಾರೆ. ಆ ಕಾಗದದಲ್ಲಿ ಅದೇ ಇದ್ದೀತು. ಚಿತ್ರ ತೆಗೆದು ಕಳುಹಿಸಿ, ನಾನು ಓದಿ ಹೇಳುತ್ತೇನೆ.

ಕುಂಬಳೆ_ಮಗ್ಗ, ಸಂಜೆ 6.20
ಹೊರಳುವ ಮಗು ಎಂದು ಗೊತ್ತಿದ್ದರೆ ಸುತ್ತಲು ಹೇಳುತ್ತಿರಲಿಲ್ಲ. ಅಂಗಿ ಹೊಲಿಸುವುದಾದರೆ ಹಳೆಯ ಸೀರೆಯ ಸೆರಗಿನ ಭಾಗ ಬಿಡಿ, ಒಡಲಿನ ಬಟ್ಟೆಯೇ ಮೆದು.

ಮಂಜೇಶ್ವರ_ಬಾಣಂತಿ, ರಾತ್ರಿ 8.00
ಅಜ್ಜೀ, ನಿಮ್ಮ ತೊಟ್ಟಿಲಿಗೆ ಸರಪಳಿಯೋ ಹಗ್ಗವೋ?

ಮುಳ್ಳೇರಿಯ_ತಾಯಿ, ಮರುದಿನ ಬೆಳಿಗ್ಗೆ 6.50
ಅಕ್ಕಾ, ನೀವು ಓದಿ ಹೇಳಿದ ಹಾಗೆಯೇ, ಸ್ಕ್ಯಾನಿನ ವಿಷಯವೇ ಅದರಲ್ಲಿತ್ತು. ನಾಳೆ ಕಾಸರಗೋಡಿಗೆ ಹೋಗುತ್ತಿದ್ದೇವೆ. ರಾತ್ರಿ ಸುತ್ತದೆ ಮಲಗಿಸಿದೆ. ಐದು ಸಲ ಬೆಚ್ಚಿ ಎದ್ದಳು, ಎದೆಯ ಮೇಲೆ ಕೈ ಇಟ್ಟರೆ ಮೂರು ಸಲ ತಾನೇ ಮಲಗಿದಳು. ಕುತ್ತಿಗೆ ಒಣಗಿತ್ತು. ಈ ಬೆಚ್ಚುವುದು ಇನ್ನೆಷ್ಟು ದಿನ ಇರುತ್ತದೆ?