ಮಾವಿನ ಮರ ಬರೀ ಚಿಗುರುತ್ತಿದೆ, ಹೂವೇ ಇಲ್ಲ

ಬೇಲೂರು ತೋಟ:
ಕಾಫಿ ಕಣದ ಪಕ್ಕ 9 ವರ್ಷದ ಬಾದಾಮಿ ತಳಿಯ ಕಸಿ ಮಾವಿನ ಮರ ಇದೆ. ಹೋದ ವರ್ಷ ಒಳ್ಳೆ ಫಸಲು ಕೊಟ್ಟಿತ್ತು. ಈಗ ಫೆಬ್ರವರಿ ಬಂದರೂ ಒಂದು ಹೂವಿಲ್ಲ, ಮರದ ತುಂಬಾ ಕೆಂಪು ಚಿಗುರು. ಅಂಗಡಿಯವರು ಹೂವಿನ ಔಷಧಿ ಬುಡಕ್ಕೆ ಹಾಕಿ ಅಂದರು. ಹಾಕಲಾ?

ಅರಸೀಕೆರೆ ಮಾವು:
ಸದ್ಯಕ್ಕೆ ಏನೂ ಹಾಕಬೇಡಿ. ರೆಂಬೆ ಸವರಿದ್ದು ಯಾವಾಗ? ಗೊಬ್ಬರ? ಚಳಿಗಾಲದಲ್ಲಿ ಬುಡಕ್ಕೆ ನೀರು ಬೀಳುತ್ತಿತ್ತಾ?

ಬೇಲೂರು ತೋಟ:
ಕಣಕ್ಕೆ ಬಿಸಿಲು ಬೀಳಲಿ ಅಂತ ನವೆಂಬರ್ ಕೊನೆಗೆ ಸವರಿಸಿದೆ. ಮರ ಬೋಳಾಯಿತಲ್ಲ, ಪಾಪ ಅಂತ ಎರಡು ಬೊಗಸೆ ಯೂರಿಯಾ ಹಾಕಿದೆ. ಅಡಿಕೆಯ ಡ್ರಿಪ್ ಪೈಪ್ ಬುಡದಲ್ಲೇ ಹೋಗಿದೆ.

ಅರಸೀಕೆರೆ ಮಾವು:
ಸಿಕ್ಕಿತು ನೋಡಿ. ನಿಮಗೆ ಕಾಫಿ ಗೊತ್ತು, ಅದರಿಂದಲೇ ಹೇಳುತ್ತೇನೆ. ಕಾಫಿಯಲ್ಲಿ ಮೊಗ್ಗು ಎಲೆಯ ಬುಡದಲ್ಲಿ ಮೊದಲೇ ಆಗಿ ಮಲಗಿರುತ್ತದೆ. ಹೂಮಳೆ, ಅಂದರೆ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಿದ್ದ 8-10 ದಿನಕ್ಕೆ ತೋಟವೆಲ್ಲ ಬಿಳಿ. ಮಾವು ಹಾಗಲ್ಲ. ಅದರ ಹೂಮೊಗ್ಗು ಬರುವುದು ಬಹುಪಾಲು ಬಲಿತ ರೆಂಬೆಯ ತುದಿಯಲ್ಲಿ. ಆ ಮೊಗ್ಗು ಎಲೆಯಾಗುತ್ತದೋ ಹೂವಾಗುತ್ತದೋ ಅನ್ನುವುದು ಚಳಿಗಾಲ ಬರುವ ತನಕ ತೀರ್ಮಾನವಾಗಿರುವುದಿಲ್ಲ. ಎಲೆ ಬಲಿತು ಕಡು ಹಸಿರಾಗಿ, ನೆಲ ಒಣಗಿ, ರಾತ್ರಿ ಚಳಿ 15 ಡಿಗ್ರಿ ಆಸುಪಾಸಿಗೆ ಇಳಿದರೆ ಹೂವಿನ ಕಡೆ ತಿರುಗುತ್ತದೆ. ನೀವು ಸರಿಯಾಗಿ ಆ ಹೊತ್ತಿಗೆ ತುದಿಗಳನ್ನೇ ತೆಗೆಸಿದ್ದೀರಿ. ಅದರ ಮೇಲೆ ಯೂರಿಯಾ, ನೀರು ಬೇರೆ. ಮರ ಚಿಗುರದೆ ಇನ್ನೇನು ಮಾಡುತ್ತದೆ? ಹೋದ ವರ್ಷ ಜಾಸ್ತಿ ಕಾಯಿ ಬಿಟ್ಟಿದ್ದೂ ಸೇರಿಕೊಂಡಿರಬಹುದು. ಬಾದಾಮಿಗೆ ವರ್ಷ ಬಿಟ್ಟು ವರ್ಷ ಫಸಲು ಕೊಡುವ ಚಾಳಿ ಇದೆ.

ಸವರದ ರೆಂಬೆ ಎಲ್ಲಾದರೂ ಉಳಿದಿದೆಯಾ? ಅದರ ತುದಿ ನೋಡಿ. ಎಲೆಮೊಗ್ಗು ಸಣ್ಣಗೆ ಚೂಪಾಗಿರುತ್ತದೆ, ಹೂಮೊಗ್ಗು ದಪ್ಪಗೆ ಉಬ್ಬಿರುತ್ತದೆ.

ಬೇಲೂರು ತೋಟ:
ಅಣ್ಣಾ, ಕೊಟ್ಟಿಗೆ ಮೇಲೆ ಬಾಗಿದ ಒಂದು ರೆಂಬೆಯನ್ನು ಹೆಂಚು ಒಡೆದೀತು ಅಂತ ಹಾಗೇ ಬಿಟ್ಟಿದ್ದರು. ಏಣಿ ಹಾಕಿ ನೋಡಿದೆ. ಐದು ತುದಿ ಉಬ್ಬಿವೆ, ಎರಡರಲ್ಲಿ ಹೂಗೊಂಚಲು ಹೊರಟಿದೆ!

ಅರಸೀಕೆರೆ ಮಾವು:
ಅಲ್ವಾ! ಹಾಗಾದರೆ ಮರ ಚೆನ್ನಾಗಿಯೇ ಇದೆ. ಈಗಿನ ಚಿಗುರು ಸುಮ್ನೆ ಬಿಡಿ, ಬಲಿಯಲಿ. ಇನ್ನು ಮೇಲೆ ಹಣ್ಣು ಕಿತ್ತ ಕೂಡಲೇ, ಜೂನ್-ಜುಲೈನಲ್ಲೇ ಸವರಿಸಿ. ಗೊಬ್ಬರವೂ ಆಗಲೇ. ಅಕ್ಟೋಬರ್ ಕೊನೆಗೆ ಆ ಮರದ ಹತ್ತಿರದ ಡ್ರಿಪ್ ಮುಚ್ಚಿ. ಕಾಯಿ ಬಟಾಣಿ ಗಾತ್ರವಾದ ಮೇಲೆ ಮತ್ತೆ ಬಿಡಿ.

ಅಂಗಡಿಯವರು ಹೇಳಿದ್ದು ಪ್ಯಾಕ್ಲೋಬ್ಯೂಟ್ರಜಾಲ್ ಇರಬೇಕು. ಅದು ಚಿಗುರು ತಡೆಯುವ ಮದ್ದು, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಪಕ್ಕದಲ್ಲಿ ಕಾಫಿ ಬೇರು ಬೇರೆ ಇದೆ. ನಾನಾದರೆ ಹಾಕುವುದಿಲ್ಲ.

ಕಡೂರು ಸೀಬೆ:
ನಡುವೆ ಬಾಯಿ ಹಾಕುತ್ತೇನೆ. ಸೀಬೆಯನ್ನೂ ಹೀಗೆ ತುದಿ ಸವರಬಾರದಾ?

ಅರಸೀಕೆರೆ ಮಾವು:
ಅದು ಉಲ್ಟಾ. ಸೀಬೆ ಹೂ ಬಿಡುವುದೇ ಹೊಸ ಚಿಗುರಿನ ಎಲೆ ಸಂದಿಯಲ್ಲಿ. ಧೈರ್ಯವಾಗಿ ಸವರಿ.

ಬೇಲೂರು ತೋಟ:
ಜೂನ್‌ನಲ್ಲೇ ಸವರಿದರೆ ಕಾಫಿ ಒಣಗಿಸುವ ಹೊತ್ತಿಗೆ ಕಣಕ್ಕೆ ಮತ್ತೆ ನೆರಳು ಕಟ್ಟುತ್ತದಲ್ಲಾ?

ಅರಸೀಕೆರೆ ಮಾವು:
ಕಣದ ಕಡೆಯ ಒಂದೆರಡು ದಪ್ಪ ರೆಂಬೆಯನ್ನು ಬುಡಕ್ಕೇ ತೆಗೆಸಿಬಿಡಿ. ಉಳಿದ ತುದಿಗಳಿಗೆ ಕತ್ತಿ ತಾಗಿಸಬೇಡಿ.