ಮಗಳಿಗೆ ಥೈರಾಯ್ಡ್ ಅಂದಿದ್ದಾರೆ, ನಿಮ್ಮ ಅನುಭವ ಹೇಳಿ

ನಾವು ಸೋಮವಾರಪೇಟೆ ಕಡೆಯವರು. ಮಗಳಿಗೆ 8 ವರ್ಷ, ಬ್ಲಡ್ ಟೆಸ್ಟಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿ ಕೆಲಸ ಕಮ್ಮಿ ಆದಾಗ ಏರೋ ಹಾರ್ಮೋನ್) 38 ಬಂದಿದೆ, ಡಾಕ್ಟರ್ ದಿನಾ ಮಾತ್ರೆ ಬರೆದುಕೊಟ್ರು. ಇಷ್ಟು ಚಿಕ್ಕ ಮಗು, ಮಾತ್ರೆ ಅಭ್ಯಾಸ ಆಗ್ಬಿಟ್ರೆ ಅಂತ ಅತ್ತೆ ಬೇಡ ಅಂತಿದ್ದಾರೆ. ಯಾರ ಮಕ್ಕಳಿಗಾದ್ರೂ ಹೀಗಾಗಿದ್ಯಾ?

ವಿರಾಜಪೇಟೆಯಿಂದ:
ಅಕ್ಕ, ನನ್ನ ಮಗಳಿಗೆ 7ಕ್ಕೇ ಗೊತ್ತಾಗಿದ್ದು, ಈಗ 11. ನಮಗೆ ಡೌಟ್ ಬಂದಿದ್ದೇ ಯೂನಿಫಾರ್ಮಿಂದ, ಬೆಳೀತಾಳಲ್ಲ ಅಂತ ಲಂಗದ ಅಂಚು ಒಳಗೆ ಮಡಚಿ ಹೊಲಿಸಿದ್ದೆ, ಎರಡು ಜೂನ್ ಕಳೆದ್ರೂ ಅದನ್ನ ಬಿಚ್ಚೋ ಕೆಲಸನೇ ಬರ್ಲಿಲ್ಲ. ಚಳಿ ಚಳಿ ಅಂತಿದ್ಲು, ಆದ್ರೆ ಕೊಡಗಲ್ಲಿ ಅದನ್ನ ಯಾರು ಲೆಕ್ಕಕ್ಕಿಡ್ತಾರೆ ಹೇಳಿ, ಜುಲೈನಲ್ಲಿ ನಮ್ಮನೆ ನಾಯಿನೂ ಒಲೆ ಮುಂದೆನೇ ಮಲಗೋದು. ಮಲಬದ್ಧತೆ, ಒಣ ಚರ್ಮ, ಹೋಮ್‌ವರ್ಕ್ ಮಾಡ್ತಾ ಮಾಡ್ತಾನೇ ನಿದ್ದೆ, ಇದೆಲ್ಲ ಒಂದೇ ಕಾಯಿಲೆ ಅಂತ ಡಾಕ್ಟರ್ ಹೇಳೋವರೆಗೂ ಹೊಳೀಲಿಲ್ಲ. ಹಶಿಮೊಟೊ ಅಂದ್ರು, ನಮ್ಮ ಮೈಯ ರೋಗನಿರೋಧಕ ಶಕ್ತಿನೇ ಥೈರಾಯ್ಡ್ ಗ್ರಂಥಿ ಮೇಲೆ ತಿರುಗಿ ಬೀಳೋದಂತೆ. ಊಟದಲ್ಲಿ ಏನೋ ತಪ್ಪು ಮಾಡ್ದೆ ಅಂತ ನಾನು ಅತ್ತಿದ್ದೆಲ್ಲ ದಂಡ. ಯಾರೋ ಅಯೋಡಿನ್ ಉಪ್ಪು ಜಾಸ್ತಿ ಹಾಕು ಅಂದ್ರು, ಇದು ಅದ್ರಿಂದ ಹೋಗಲ್ಲ.

ಅತ್ತೆಗೆ ಹೇಳಿ, ಇದು ಚಟ ಹಿಡಿಸೋ ಮಾತ್ರೆ ಅಲ್ಲ, ಗ್ರಂಥಿ ಮಾಡ್ಬೇಕಾದ ಥೈರಾಕ್ಸಿನ್ನೇ ಹೊರಗಿಂದ ಕೊಡೋದು ಅಷ್ಟೇ. ನಾವು ಎಡವಿದ್ದು ಕಾಫೀಲಿ. ಬೆಳಗ್ಗೆ ಅಜ್ಜಿ ಜೊತೆ ಅರ್ಧ ಲೋಟ ಬೆಲ್ಲದ ಕಾಫಿ ಕುಡೀತಿದ್ಲು, ಅದರ ಜೊತೆನೇ ಮಾತ್ರೆನೂ ನುಂಗಿಸ್ತಿದ್ವಿ, ಎರಡು ತಿಂಗಳಾದ್ರೂ ಟಿಎಸ್‌ಎಚ್ ಇಳೀಲೇ ಇಲ್ಲ. ಕಾಫಿ ಜೊತೆ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ. ಈಗ ಎದ್ದ ತಕ್ಷಣ ಬರೀ ನೀರಲ್ಲಿ ಮಾತ್ರೆ, ಒಂದು ಗಂಟೆ ಬಿಟ್ಟು ರೊಟ್ಟಿ. ಐರನ್, ಕ್ಯಾಲ್ಸಿಯಂ ಕೊಡೋದಿದ್ರೆ 4 ಗಂಟೆ ಗ್ಯಾಪ್ ಇರ್ಲಿ. ಡೋಸ್ ಬದಲಾಯಿಸಿದ್ರೆ 6-8 ವಾರಕ್ಕೆ ಮತ್ತೆ ಬ್ಲಡ್ ಟೆಸ್ಟ್. ಹೋದ ವರ್ಷ ಅಂಚು ಬಿಚ್ಚಿದ್ದೂ ಸಾಲ್ದೆ ಹೊಸ ಲಂಗನೇ ಹೊಲಿಸಿದೆ.

ಕುಶಾಲನಗರದಿಂದ:
ನಮ್ಮವನಿಗೆ ಹುಟ್ಟಿನಿಂದಲೇ ಇದೆ, ಹಿಮ್ಮಡಿಗೆ ಚುಚ್ಚಿ ತೆಗೆದ ರಕ್ತದಲ್ಲಿ ಗೊತ್ತಾಯ್ತು. ಮಾತ್ರೆ ಪುಡಿ ಮಾಡಿ ಎದೆಹಾಲಲ್ಲಿ ಕದಡಿ ಚಮಚದಲ್ಲಿ ಕೊಡ್ತಿದ್ವಿ. 3 ವರ್ಷ ತುಂಬಿದ ಮೇಲೆ ಡಾಕ್ಟರೇ ಸ್ವಲ್ಪ ದಿನ ನಿಲ್ಲಿಸಿ ಟೆಸ್ಟ್ ಮಾಡಿಸಿದ್ರು, ಮತ್ತೆ ಏರ್ತು, ಮುಂದುವರಿಸಿದ್ವಿ. ನೀವಾಗೇ ನಿಲ್ಲಿಸಿ ನೋಡಕ್ಕೆ ಮಾತ್ರ ಹೋಗ್ಬೇಡಿ.

ಮಡಿಕೇರಿಯಿಂದ:
ನನ್ನ ಮಗನಿಗೆ ಟಿಎಸ್‌ಎಚ್ 6 ಚಿಲ್ಲರೆ ಬಂದಿತ್ತು, ಮಾತ್ರೆ ಇಲ್ಲದೆ 3 ತಿಂಗಳು ಕಾದ್ವಿ, ನಾರ್ಮಲ್ ಆಯ್ತು. ನಿಮ್ಮದು 38, ಹಾಗೆ ಕಾಯೋ ನಂಬರಲ್ಲ. ಮತ್ತೆ ಮಳೆಗಾಲಕ್ಕೆ ಮುಂಚೆ ಒಂದು ತಿಂಗಳ ಮಾತ್ರೆ ಜಾಸ್ತಿ ತಂದಿಡಿ, ರೋಡ್ ಬಂದ್ ಆದ್ರೆ ಪರದಾಡ್ಬೇಕು.