ಹೊಳೆಬದಿ ಹಂಚಿನ ಕಾರ್ಖಾನೆ ಜಾಗದಲ್ಲಿ ಕ್ಯಾಂಪಸ್: ಆಕ್ಷೇಪಣೆಯಲ್ಲಿ ಏನೇನು ಬರೆಯಬೇಕು?

ನಿವಾಸಿಗಳ ಸಂಘದ ಕಾರ್ಯದರ್ಶಿ: ಮಂಗಳೂರು ಬೋಳಾರದ ಹಳೇ ಹಂಚಿನ ಕಾರ್ಖಾನೆ ಜಾಗದ ಭೂಬಳಕೆಯನ್ನು ಕೈಗಾರಿಕೆಯಿಂದ ಸಾರ್ವಜನಿಕ-ಅರೆಸಾರ್ವಜನಿಕಕ್ಕೆ ಬದಲಿಸಲು ವಿಶ್ವವಿದ್ಯಾಲಯದವರು ಕೇಳಿದ್ದಾರೆ. ಆಕ್ಷೇಪಣೆ ಕೇಳಿ ಮುಡಾ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ನೋಟಿಸ್ ಬಂದಾಯಿತು. ಬರೀ "ಬೇಡ" ಅಂತ ನೂರು ಸಹಿ ಕೊಟ್ಟರೆ ಫೈಲಿಗೆ ಸೇರಿ ಮುಗಿಯಿತು. ಸರ್ವೆ ನಂಬರ್ ಹಾಕಿ, ಕಾರಣ ಕೊಟ್ಟು ಬರೆಯುವ.

ಎರಡನೇ ಅಡ್ಡರಸ್ತೆ: ಮೊದಲು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ. 2019ರ ಅಧಿಸೂಚನೆಯಂತೆ ಉಬ್ಬರ ಏರುವ ನದಿಯ ದಡದಲ್ಲಿ ಈ ವಲಯ 50 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅದು. ನೇತ್ರಾವತಿಯ ಅಗಲ ನೋಡಿದರೆ 50 ಅಂತಲೇ ಹಿಡಿಯಿರಿ. ಟೇಪು ತಡೆಗೋಡೆಯಿಂದ ಹಿಡಿಯಬೇಡಿ, ಅನುಮೋದಿತ ನಕ್ಷೆಯ ಉಬ್ಬರ ರೇಖೆಯಿಂದ ಹಿಡಿಯಬೇಕು. 1:4000 ಹಾಳೆಯಲ್ಲಿ ಸರ್ವೆ ನಂಬರ್ ಇರುತ್ತದೆ, ಎಫ್‌ಎಂಬಿ ಸ್ಕೆಚ್ (ಸರ್ವೆ ಇಲಾಖೆಯ ಜಮೀನು ಅಳತೆ ನಕ್ಷೆ) ಜೊತೆ ಇಟ್ಟು ನೋಡಿ.
ಇನ್ನೊಂದು: ಸಿಆರ್‌ಝಡ್-2ರಲ್ಲಿ, ಅಂದರೆ ಈ ವಲಯದ ಕಟ್ಟಡ ತುಂಬಿದ ಪಟ್ಟಣ ಭಾಗದಲ್ಲಿ, ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಒಳಮಗ್ಗುಲಿಗೆ ಮಾತ್ರ ಕಟ್ಟಬಹುದು. ಹೊಳೆ ಕಡೆ ಹೊಸ ರಸ್ತೆ ಹಾಕಿ, ನಾವು ಅದರ ಒಳಗೇ ಇದ್ದೇವಲ್ಲ ಎಂದರೆ ನಡೆಯುವುದಿಲ್ಲ. ಹಳೇ ಶೆಡ್ ತೋರಿಸುತ್ತಾರೆ. ಅಧಿಕೃತವೇ ಎನ್ನುವುದಕ್ಕೆ ಡೋರ್ ನಂಬರ್, ತೆರಿಗೆ ರಸೀದಿ ಕೇಳಿ.

ಫ್ಲಾಟ್ 3ಬಿ: ಕ್ಯಾಂಪಸ್ ಬಂದರೆ ಬಾಡಿಗೆ ಏರುತ್ತದೆ ಮಾರಾಯ್ರೆ, ಯಾಕೆ ಅಡ್ಡ ಹಾಕುವುದು?

ಎರಡನೇ ಅಡ್ಡರಸ್ತೆ: ನಿಮ್ಮದು ಮೂರನೇ ಮಹಡಿ. ನೀರು ನುಗ್ಗುವುದು ಕೆಳಗಿನವರಿಗೆ. ನನ್ನ ಮಟ್ಟಿಗೆ ಅಸಲು ಪ್ರಶ್ನೆ ಪ್ಲಿಂತ್ ಮಟ್ಟದ್ದು, ಅಂದರೆ ಕಟ್ಟಡದ ನೆಲ ಎಷ್ಟು ಎತ್ತರಕ್ಕೆ, ಅದಕ್ಕೆ ಜಾಗವನ್ನು ಎಷ್ಟು ತುಂಬಿಸುತ್ತಾರೆ ಎನ್ನುವುದು. ಒಂದು ಎಕರೆಗೆ ಒಂದು ಮೀಟರ್ ತುಂಬಿಸಲು 4,047 ಘನ ಮೀಟರ್ ಮಣ್ಣು ಬೇಕು. ಟಿಪ್ಪರಿಗೆ 10 ಘನ ಮೀಟರ್ ಹಿಡಿದರೂ 400 ಲೋಡು, ರೋಲರ್ ಹೊಡೆದು ಕುಗ್ಗುವುದು ಬೇರೆ. ಆ ಭಾರಕ್ಕೆ ಹೊಳೆಬದಿಯ ಮೆತ್ತನೆ ಜೇಡಿ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಪೈಲ್ (ಗಟ್ಟಿ ನೆಲದವರೆಗೆ ಇಳಿಸಿದ ಕಂಬ) ಮೇಲಿನ ಕಟ್ಟಡ ಅಲ್ಲಾಡದೆ ನಿಲ್ಲುತ್ತದೆ, ಸುತ್ತಲಿನ ಅಂಗಳ ಕೂರುತ್ತದೆ. ಒಳಚರಂಡಿ ಪೈಪು ಗೋಡೆ ಸೇರುವಲ್ಲೇ ಒಡೆಯುತ್ತದೆ, ಮಳೆಚರಂಡಿಯ ಇಳಿಜಾರು ತಪ್ಪುತ್ತದೆ.

ನಿವೃತ್ತ ಓವರ್‌ಸಿಯರ್: ಸರಿ. ಚರಂಡಿ ಬಾಯಿಗೆ ಫ್ಲ್ಯಾಪ್ ಗೇಟ್, ಅಂದರೆ ನೀರನ್ನು ಹೊರಗೆ ಮಾತ್ರ ಬಿಡುವ ಬಾಗಿಲು, ಹಾಕುತ್ತೇವೆ ಅನ್ನುತ್ತಾರೆ. ಉಬ್ಬರದಲ್ಲಿ ಅದು ಮುಚ್ಚಿರುತ್ತದೆ. ಆಗಲೇ ಜೋರು ಮಳೆ ಬಂದರೆ ಒಳಗಿನ ನೀರು ಎಲ್ಲಿಗೆ? ಆ ಕೆಲವು ಗಂಟೆಯ ನೀರು ಹಿಡಿಯುವ ಹೊಂಡ ಅವರ ಜಾಗದೊಳಗೇ ಇರಬೇಕು. ಗೇಟಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಹೊಳೆ ನೀರೇ ಹಿಂದಕ್ಕೆ ಬರುತ್ತದೆ, ತೆಗೆಯುವವರು ಯಾರು ಎಂದೂ ಬರೆಸಿ.
ಪೈಲ್ ಬಡಿದು ಇಳಿಸುವುದು ಬೇಡ, ಕೊರೆದು ಹಾಕಲಿ. ನಮ್ಮಲ್ಲಿ ಮಣ್ಣಿನ ಗಾರೆಯ ಮುರಕಲ್ಲಿನ ಮನೆಗಳು ಇನ್ನೂ ಉಂಟು. ಕೆಲಸಕ್ಕೆ ಮೊದಲೇ ಪ್ರತಿ ಮನೆಯ ಬಿರುಕಿನ ಫೋಟೋ, ಪಕ್ಕದಲ್ಲಿ ಸ್ಕೇಲ್ ಹಿಡಿದು, ಎರಡೂ ಕಡೆಯವರ ಸಹಿಯೊಂದಿಗೆ.

ವಕೀಲರು, ಕೊನೇ ಮನೆ: ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿ ಬೇಕು. ಕಾಲೇಜು, ಹಾಸ್ಟೆಲಿಗೆ ಕೊಟ್ಟಿದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ತೆಗೆದುಹಾಕಿದೆ. ಆ ಮಿತಿ ಮುಟ್ಟದಂತೆ ಹಂತ 1, ಹಂತ 2 ಎಂದು ತುಂಡು ಮಾಡುತ್ತಾರೆ. ಇಡೀ ಮಾಸ್ಟರ್ ಪ್ಲಾನ್ ಕೇಳಿ. ಆರ್‌ಟಿಐಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನೋಟಿಸಿನ ಗಡುವು ಅದಕ್ಕೆ ಕಾಯುವುದಿಲ್ಲ, ಆಕ್ಷೇಪಣೆ ಈಗಲೇ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿ.

ಕಾರ್ಯದರ್ಶಿ: ಅಮಾವಾಸ್ಯೆ ದಿನ ಉಬ್ಬರದ ಹೊತ್ತಿಗೆ ಚರಂಡಿ ಗೋಡೆಯ ಮೇಲೆ ನೀರಿನ ಗುರುತು ಹಾಕಬೇಕು. ಮಟ್ಟ ನೋಡುವ ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪು) ಯಾರಲ್ಲಿ ಉಂಟು?

ನಿವೃತ್ತ ಓವರ್‌ಸಿಯರ್: ನನ್ನಲ್ಲಿ ಉಂಟು. ಇನ್ನೊಂದು ತುದಿ ಹಿಡಿಯಲು ಒಬ್ಬರು ಬನ್ನಿ.

ಫ್ಲಾಟ್ 3ಬಿ: ನಾನು ಬರ್ತೇನೆ.